ಹಿತ್ತಲ ಹೀರೆಕಾಯಿ ಮತ್ತು ಗಿರಣಿ ಆಯಿಯ ತುಪ್ಪ

ಮಗಳು ಅಪ್ಪನ ಮನೆಗೆ ಬುತ್ತಿ ಕಟ್ಟಿಕೊಂಡು ಬಂದದ್ದನ್ನು ನೀವು ಎಲ್ಲಿಯಾದರೂ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ. ಕೇಳುವ ಮೊದಲೇ ಕಣ್ಣಾರೆ ನೋಡಿದೆ. ಒಂದು ಭಾನುವಾರ ಮಧ್ಯಾಹ್ನ ಸಿಂದಗಿ ಬಸ್ಸಿನಿಂದ ಇಳಿದು ಬಂದ ನನ್ನ ಒಬ್ಬಳೇ ಮಗಳು ಕೈಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕೂತಳು. ನಾನು ತಾಟು ಇಡುವುದರೊಳಗೆ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಬಿಚ್ಚಿದಳು. ಮೇಲಿನ ಖಾನೆಯಲ್ಲಿ ಎರಡು ಜೋಳದ ರೊಟ್ಟಿ, ಕೆಳಗಿನದರಲ್ಲಿ ಆಲೂಗಡ್ಡೆ ಪಲ್ಯ. ನಾನು ಬೆಳಗಿನಿಂದ ಮಾಡಿದ ಅಡುಗೆ ಒಲೆಯ ಮೇಲೆ ಮುಚ್ಚಿಟ್ಟಂತೆಯೇ ಇತ್ತು.

“ಏನವಾ ಇದು?”

“ಬುತ್ತಿ.”

“ಯಾಕ, ನಾ ಸತ್ತೇನೇನು?”

“ನೀ ಚೊಲೊ ಇದ್ದಿ. ನಿನ್ನ ಅಡಗಿ ಮ್ಯಾಲಿನ ನಂಬಿಗಿ ಸತ್ತೈತಿ,” ಎಂದು ರೊಟ್ಟಿ ಮುರಿದಳು.

ಇಂಥ ಮಾತು ಕೇಳಿಯೂ ನಾನು ಬಾಯಿ ಮುಚ್ಚಿಕೊಂಡು ಕೂತೆ ಎಂದರೆ ನನ್ನ ಹಳೆಯ ವಿದ್ಯಾರ್ಥಿಗಳು ಯಾರೂ ನಂಬಲಾರರು. ನಾನು ಡ್ರಿಲ್ ಮಾಸ್ತರ. ಮುದ್ದೇಬಿಹಾಳದಲ್ಲಿ ಅರ್ಧ ಆಯುಷ್ಯ, ಇಂಡಿಯಲ್ಲಿ ಕಾಲು, ಉಳಿದದ್ದು ಇಲ್ಲಿ ಬಸವನ ಬಾಗೇವಾಡಿಯಲ್ಲಿ ಕಳೆದೆ. ಸೀಟಿ ಇಲ್ಲದೆ ಮೈದಾನವನ್ನೆಲ್ಲ ನಿಲ್ಲಿಸುವ ಗಂಟಲು ನನ್ನದು. ಆದರೆ ಅವತ್ತು ಗಂಟಲು ಏಳಲಿಲ್ಲ, ಏಕೆಂದರೆ ತಪ್ಪು ನನ್ನದೇ ಆಗಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನ ಮಗಳು ದನದ ಡಾಕ್ಟರು. ಸಿಂದಗಿಯಲ್ಲಿ ಮನೆ ಮಾಡಿಕೊಂಡು ದೇವಣಗಾಂವದ ಕಡೆಯ ಹಳ್ಳಿಗಳ ಎಮ್ಮೆ, ಆಕಳು, ಆಡುಗಳನ್ನು ನೋಡಿಕೊಳ್ಳುತ್ತಾಳೆ. ಎರಡು ವರ್ಷದ ಹಿಂದೆ ಒಂದು ದಿನ ಬಂದವಳೇ ಹಾಲು, ಮೊಸರು, ಬೆಣ್ಣೆ, ತುಪ್ಪ ಎಲ್ಲ ಬಿಟ್ಟಿದ್ದೇನೆ ಎಂದಳು. ವೀಗನ್ ಅಂತಾರಂತೆ ಇಂಥವರಿಗೆ. ಯಾಕವಾ ಎಂದು ಕೇಳಿದರೆ ಭಾಷಣವನ್ನೇನೂ ಮಾಡಲಿಲ್ಲ. “ಕರುಗಳನ್ನ ದೂರ ಕಟ್ಟಿಹಾಕಿ ಹಿಂಡೋದನ್ನ ದಿನಾ ನೋಡತೇನಪ್ಪ. ನನಗ ಗಂಟಲಾಗ ಇಳಿಯಂಗಿಲ್ಲ. ಮಂದಿಗಿ ಕುಡೀಬ್ಯಾಡ್ರಿ ಅನ್ನಂಗಿಲ್ಲ, ನಾ ಕುಡಿಯಂಗಿಲ್ಲ, ಅಷ್ಟ,” ಎಂದಳು. ಪಾಪ, ಹಳ್ಳಿಗಳಲ್ಲಿ ಅವಳ ಪಾಡು ಅವಳಿಗೇ ಗೊತ್ತು. ಕರೀ ಚಹಾ ಕೊಡ್ರಿ ಎಂದು ಕೇಳಿದ ಮೊದಲ ವಾರದಲ್ಲೇ ಒಬ್ಬ ರೈತ ಗಾಬರಿಯಾಗಿ, “ನಮ್ಮ ಎಮ್ಮಿಗಿ ಏನರೆ ಜಡ್ಡು ಐತೇನ್ರಿ ಮೇಡಂ, ಹಾಲ ಬ್ಯಾಡ ಅಂತೀರಿ,” ಎಂದು ಕೇಳಿದನಂತೆ. ಅವತ್ತಿನಿಂದ ಚಹಾವನ್ನೇ ಬಿಟ್ಟಳು.

ನಾನು ಬೆಳೆದ ಮನೆಯಲ್ಲಿ ತುಪ್ಪ ಬಡಿಸುವುದಕ್ಕೆ ಒಂದು ರೀತಿ ಇತ್ತು. ಉಣ್ಣುವವನು ಮೊದಲ ಸಲ ಬ್ಯಾಡ ಅಂದರೆ ಅದು ಮರ್ಯಾದೆ. ಎರಡನೇ ಸಲ ಅಂದರೆ ಸಂಕೋಚ. ಮೂರನೇ ಸಲ ಅಂದರೆ ಇನ್ನೊಂದು ಚಮಚ ಹಾಕಬೇಕು ಎಂದು ಅರ್ಥ. ಹೀಗೆ ಅರವತ್ತು ವರ್ಷ ಉಂಡು, ಬಡಿಸಿ, ಗಟ್ಟಿಯಾದ ಮನುಷ್ಯನಿಗೆ ಮಗಳು ಬಂದು ಬ್ಯಾಡ ಅಂದರೆ ಬ್ಯಾಡ ಎಂದು ಹೇಳಿದರೆ ಒಮ್ಮೆಲೇ ತಲೆಗೆ ಹೋಗುವುದಿಲ್ಲ. ಹೊಟ್ಟೆಗೆ ಬಿದ್ದ ಒಂದು ಚಮಚ ತುಪ್ಪ ಯಾರಿಗೇನು ಮಾಡೀತು ಎಂದುಕೊಂಡೆ. ನಿವೃತ್ತನಾಗಿ ಅಡುಗೆ ನನ್ನ ಕೈಗೆ ಬಂದ ಮೇಲೆ ಭಾನುವಾರದ ಮೆಂತೆಸೊಪ್ಪಿನ ಬ್ಯಾಳಿಗೆ ತುಪ್ಪದಲ್ಲೇ ಒಗ್ಗರಣೆ ಹಾಕತೊಡಗಿದೆ. ಅವಳು ಉಂಡು, “ಬ್ಯಾಳಿ ಭಾಳ ರುಚಿ ಆಗೈತಿ,” ಎಂದು ಹೊಗಳುತ್ತಿದ್ದಳು. ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಇದು ಒಂದು ವಾರದ ಮಾತಲ್ಲ, ಒಂದೂವರೆ ತಿಂಗಳು ನಡೆಯಿತು.

ಸಿಕ್ಕಿಬಿದ್ದದ್ದು ಹೆಂಡತಿಯಿಂದ. ಅವಳು ಇಂಗಳೇಶ್ವರದ ದವಾಖಾನೆಯಲ್ಲಿ ನರ್ಸು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಯ ಬಸ್ಸಿಗೇ ಬರುವುದು. ಅದಕ್ಕೇ ನಿವೃತ್ತನಾದ ನನ್ನ ಕೈಗೆ ಅಡುಗೆಮನೆ ಬಂದದ್ದು. ಅವಳಲ್ಲಿ ಒಂದೇ ದೋಷ, ಸುಳ್ಳು ಹೇಳಲು ಬರುವುದಿಲ್ಲ. ಒಂದು ಭಾನುವಾರ ಮೂವರೂ ಉಣ್ಣುತ್ತಿರುವಾಗ, “ತುಪ್ಪದ ಡಬ್ಬಿ ಇಷ್ಟ ಲಗೂನ ಹೆಂಗ ಖಾಲಿ ಆತು?” ಎಂದು ಸುಮ್ಮನೆ ಕೇಳಿದಳು. ಸುಮ್ಮನಿದ್ದರೆ ಆಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು, “ಬ್ಯಾಳ್ಯಾಗ ಏನೂ ಹಾಕಿಲ್ಲ,” ಎಂದುಬಿಟ್ಟೆ. ಮಗಳ ಕೈಯಲ್ಲಿದ್ದ ತುತ್ತು ತಾಟಿಗೆ ಮರಳಿತು. ನಾನು, “ನೀ ಸುಮ್ನ ಬಾಯಿಮಾತಿಗೆ ಬ್ಯಾಡ ಅಂತಿ ಅಂದ್ಕೊಂಡಿದ್ನೆವಾ,” ಎಂದು ಏನೇನೋ ಹೇಳಿದೆ. ಅವಳು ಕೈ ತೊಳೆದು ಎದ್ದುಹೋದಳು. ಮುಂದಿನ ವಾರ ಬುತ್ತಿಯ ಡಬ್ಬಿ ಬಂತು.

ಡಬ್ಬಿಯೊಂದಿಗೆ ಬಂದರೂ ಬರುವುದನ್ನು ಬಿಡಲಿಲ್ಲವಲ್ಲ ಎಂದು ಹೆಂಡತಿ ಸಮಾಧಾನ ಹೇಳಿದಳು. ನನಗೆ ಸಮಾಧಾನವಾಗಲಿಲ್ಲ. ಎದುರಿಗೆ ಕೂತ ಮಗಳು ತಣ್ಣಗಾದ ಆಲೂಗಡ್ಡೆ ಪಲ್ಯ ತಿನ್ನುವುದನ್ನು ನೋಡುತ್ತ ನನ್ನ ಬಿಸಿ ಅನ್ನವನ್ನು ನಾನು ನುಂಗುವುದು ಸಂಕಟವಾಗುತ್ತಿತ್ತು. ಮೂರನೇ ಬುತ್ತಿಯ ದಿನ ಮಾನ ಬಿಟ್ಟು ಕೇಳಿದೆ, “ಏನ ಮಾಡಿದ್ರ ನನ್ನ ಕೈಯಾಗಿನ ಊಟ ಉಣ್ತಿ?”

ಅವಳು ಪಲ್ಯದ ಡಬ್ಬಿ ಮುಚ್ಚಿದಳು. “ನಾಕ ವಾರ ಈ ಅಡಗಿಮನಿ ಹೊಸ್ತಲಾ ದಾಟಿ ಹಾಲು, ಮಸರು, ತುಪ್ಪ ಒಳಗ ಬರಬಾರದು. ಅವ್ವ ಸಾಕ್ಷಿ. ಐದನೇ ವಾರ ನೀ ಹಾಕಿದ್ದು ಉಣ್ತೇನಿ.”

“ನಮ್ಮ ಚಹಾಕ್ಕ ಹಾಲು?”

“ನನಗ ದವಾಖಾನ್ಯಾಗ ಸಿಗತೈತಿ,” ಎಂದು ಹೆಂಡತಿ ನನ್ನನ್ನು ನಡುನೀರಿನಲ್ಲಿ ಕೈಬಿಟ್ಟಳು.

ಆಯಿತು ಎಂದೆ. ಅವತ್ತೇ ಹಾಲಿನವನಿಗೆ ಬರಬೇಡ ಎಂದು ಹೇಳಿದೆ. ತುಪ್ಪದ ಡಬ್ಬಿಯನ್ನು ಬಿಸಿನೀರು ಹಾಕಿ ತಿಕ್ಕಿ ಬೆಳಗಿ, ಅದರಲ್ಲಿ ಕೊತ್ತಂಬರಿ ಬೀಜ ತುಂಬಿದೆ. ಇನ್ನು ಅಡುಗೆ. ಅದಕ್ಕೆ ನನ್ನ ಹಿತ್ತಲಿತ್ತು.

ಹಿತ್ತಲು ಎಂದರೆ ಎರಡು ಗುಂಟೆಯಷ್ಟು ಕರಿ ಮಣ್ಣು. ಬೋರಿನ ನೀರು ಸವಳು, ಅದಕ್ಕೆ ಬಚ್ಚಲ ನೀರನ್ನೂ ಪಾತ್ರೆ ತೊಳೆದ ನೀರನ್ನೂ ತಿರುಗಿಸಿ ಬಿಟ್ಟಿದ್ದೇನೆ. ಗಿಡಗಳನ್ನೆಲ್ಲ ಸಾಲಿಗೆ ನಿಲ್ಲಿಸಿದ್ದೇನೆ, ಎತ್ತರದವು ಹಿಂದೆ, ಗಿಡ್ಡನೆಯವು ಮುಂದೆ. ಹಿಂದಿನ ಚಪ್ಪರಕ್ಕೆ ಹೀರೆ ಮತ್ತು ಸೋರೆ, ಮಧ್ಯದಲ್ಲಿ ಬದನೆ, ಚವಳಿ, ಮೆಣಸಿನಗಿಡ, ಮುಂದೆ ಪುಂಡಿಪಲ್ಯ, ಮೆಂತೆ, ರಾಜಗಿರಿ. ಮೂಲೆಯಲ್ಲಿ ಇಂಡಿಯಿಂದ ತಂದ ಲಿಂಬಿ ಗಿಡ. ಸಾಲು ಮೀರಿದ್ದು ಕುಂಬಳದ ಬಳ್ಳಿ ಒಂದೇ. ಅದು ನನ್ನ ಮಾತನ್ನೂ ಕೇಳದೆ ಗೋಡೆ ಹತ್ತಿ ಪಕ್ಕದ ಮನೆಗೆ ಹೋಗಿ ಅಲ್ಲಿ ಕಾಯಿ ಬಿಡುತ್ತಿತ್ತು.

ಮೊದಲ ವಾರ ಹೆದರುತ್ತಲೇ ಅಡುಗೆ ಮಾಡಿದೆ. ಎಳೆ ಬದನೆಕಾಯಿಯನ್ನು ನಾಲ್ಕು ಸೀಳು ಮಾಡಿ, ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಖಾರ, ಬೆಲ್ಲ, ಹುಣಸೆ ಅರೆದು ತುಂಬಿ ಎಣ್ಣೆಗಾಯಿ ಮಾಡಿದೆ. ಮಾಡಿ ಮುಗಿಸಿದ ಮೇಲೆ, ಇದರಲ್ಲಿ ಹಾಲಿನದು ಏನು ಬಿಟ್ಟೆ ಎಂದು ಯೋಚಿಸಿದರೆ ಏನೂ ಇಲ್ಲ. ನಮ್ಮವ್ವ ಮಾಡುತ್ತಿದ್ದದ್ದೂ ಹೀಗೇ. ಪುಂಡಿಪಲ್ಯಕ್ಕೆ ಜೋಳದ ನುಚ್ಚು, ಬೆಳ್ಳುಳ್ಳಿ, ಎಣ್ಣೆ. ಚವಳಿಕಾಯಿಗೆ ಗುರೆಳ್ಳು ಪುಡಿ. ಹೀರೆಕಾಯಿಯ ತಿರುಳಿಗೆ ಹೆಸರುಬ್ಯಾಳಿ, ಸಿಪ್ಪೆಗೆ ಹಸಿಮೆಣಸಿನಕಾಯಿ ಹಾಕಿ ಚಟ್ನಿ. ಯಾವುದರಲ್ಲೂ ಇಲ್ಲ. ನಮ್ಮ ಕಡೆಯ ಊಟದಲ್ಲಿ ಹಾಲು ತುಪ್ಪ ಒಳಗೆ ಇರುವುದೇ ಇಲ್ಲ, ಮೇಲಿಂದ ಸುರಿಯುವುದು. ಹಾಗಾದರೆ ಇದು ಎರಡು ಕೈ ಸುಮ್ಮನಿಟ್ಟುಕೊಂಡರೆ ಸಾಕಾಗುವ ಕೆಲಸ. ಅಷ್ಟು ಸುಲಭದ ಕೆಲಸವನ್ನು ಒಂದೂವರೆ ತಿಂಗಳು ಮಾಡಲಾಗಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಸುಲಭವಾಗದೇ ಉಳಿದದ್ದು ಮೊಸರು. ರೊಟ್ಟಿಗೆ ಹಿಂಡಿ, ಅಂದರೆ ಚಟ್ನಿಪುಡಿ ಹಚ್ಚಿ ಮೇಲೆ ಮೊಸರು ಇಲ್ಲದಿದ್ದರೆ ನನ್ನ ಹೆಂಡತಿಯ ಮುಖ ಸೊಟ್ಟಗಾಗುತ್ತಿತ್ತು. ಶೇಂಗಾ ನೆನೆಸಿ, ಸಿಪ್ಪೆ ತೆಗೆದು, ಅರೆದು, ಸೋಸಿ, ಕಾಯಿಸಿ, ಉಗುರುಬೆಚ್ಚಗಿರುವಾಗ ಹಸಿಮೆಣಸಿನಕಾಯಿಯ ತೊಟ್ಟು ಹಾಕಿಟ್ಟರೆ ಹೆಪ್ಪಾಗುತ್ತದೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ಮೊದಲ ದಿನ ಹೆಪ್ಪಾಗಲಿಲ್ಲ. ತೊಟ್ಟು ಸಾಲದೇನೋ ಎಂದು ಮರುದಿನ ಮೆಣಸಿನಕಾಯಿಯನ್ನೇ ಮುರಿದು ಹಾಕಿದೆ. ಗಟ್ಟಿಯಾಗಿ ಹೆಪ್ಪಾಯಿತು. ಹೆಂಡತಿ ಒಂದು ಚಮಚ ಬಾಯಿಗಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು, “ಮಸರು ಅಲ್ಲ ಇದು, ಶಿಕ್ಷಾ,” ಎಂದಳು. ಮೂರನೇ ಸಲಕ್ಕೆ ಸರಿಯಾಯಿತು. ಅವಳು ಚೆನ್ನಾಗಿದೆ ಎನ್ನಲಿಲ್ಲ, ಬಟ್ಟಲು ಮಾತ್ರ ಖಾಲಿ ಮಾಡಿದಳು.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಕೆಡಿಸಿದ್ದು ಹೀರೆಕಾಯಿ. ಎರಡನೇ ವಾರ ಅವು ಒಮ್ಮೆಲೇ ಬಿಡತೊಡಗಿದವು. ಬೆಳಿಗ್ಗೆ ಬೆರಳಷ್ಟಿದ್ದದ್ದು ಮರುದಿನಕ್ಕೆ ಮೊಳದುದ್ದ ಇರುತ್ತಿತ್ತು. ಒಂದು ದಿನ ಮರೆತರೆ ಅಡುಗೆಗಲ್ಲ, ಬೆನ್ನು ತಿಕ್ಕಲು ಬರುತ್ತದೆ. ಇಬ್ಬರೇ ಇರುವ ಮನೆಯಲ್ಲಿ ಎಷ್ಟು ತಿನ್ನುವುದು? ಬದನೆಯೂ ಚವಳಿಯೂ ಜೊತೆ ಸೇರಿದವು. ಬೆಳೆದ ಕಾಯಿ ಕೊಳೆಸುವುದು ಪಾಪ. ಒಂದು ಬುಟ್ಟಿ ಎಡಗಡೆಯ ಗಿರಣಿ ಮನೆಗೆ ಕೊಟ್ಟೆ, ಒಂದು ಬುಟ್ಟಿ ಬಲಗಡೆಯ ಟೇಲರ್ ಮನೆಗೆ.

ಗಿರಣಿ ಮನೆ ಎಂದರೆ ಹಿಟ್ಟಿನ ಗಿರಣಿಯವರು. ಅಲ್ಲಿ ಎಂಬತ್ತರ ಅಜ್ಜಿ ಇದ್ದಾಳೆ, ಓಣಿಗೆಲ್ಲ ಆಯಿ. ನಾನು ಗಂಟಲು ಎತ್ತಿದರೆ ಮೈದಾನ ನಿಲ್ಲುತ್ತಿತ್ತು ಎಂದೆನಲ್ಲ, ಆಯಿ ಗಂಟಲು ಎತ್ತಿದರೆ ಗಿರಣಿ ಸದ್ದೇ ಕೇಳಿಸುವುದಿಲ್ಲ. ಮನೆಯ ಹಿಂದೆ ಎರಡು ಎಮ್ಮೆ ಕಟ್ಟಿದ್ದಾರೆ. ಬಲಗಡೆ ಟೇಲರ್ ಭಾಬಿಯ ಮನೆ. ಅವರ ಕೈಯ ಖೀರಿನ ಸುದ್ದಿ ಓಣಿಯ ಆಚೆಗೂ ಹೋಗಿದೆ. ಎರಡೂ ಮನೆಯವರು ನಮ್ಮ ಮೇಲೆ ಜೀವ ಇಟ್ಟುಕೊಂಡವರು, ತೊಂದರೆ ಶುರುವಾದದ್ದೂ ಅದರಿಂದಲೇ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರ ಮನೆಯಿಂದ ಏನಾದರೂ ಬಂದರೆ ಆ ಬುಟ್ಟಿಯನ್ನಾಗಲಿ ಬಟ್ಟಲನ್ನಾಗಲಿ ಬರಿದಾಗಿ ಮರಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಇಟ್ಟು ಕಳಿಸಬೇಕು. ಎಮ್ಮೆ ಇದ್ದ ಮನೆಯವರು ಏನು ಇಟ್ಟು ಕಳಿಸುತ್ತಾರೆ? ನನ್ನ ಬುಟ್ಟಿ ಸಂಜೆಯೊಳಗೆ ಮರಳಿ ಬಂತು, ಒಳಗೆ ಒಂದು ಬಟ್ಟಲು ಗಟ್ಟಿ ಮೊಸರು. ಬಲಗಡೆಯಿಂದ ಬಂದ ಬುಟ್ಟಿಯಲ್ಲಿ ಖೀರು.

ಹೊಸ್ತಿಲ ಹೊರಗೇ ನಿಂತು ತೆಗೆದುಕೊಂಡೆ. ಒಳಗೆ ಒಯ್ಯುವಂತಿಲ್ಲ. ಬಚ್ಚಲಲ್ಲಿ ಹಂಡೆಯ ಪಕ್ಕ ಇಟ್ಟೆ. ಹೆಂಡತಿ ಸಂಜೆ ಬಂದು ಮುಖ ತೊಳೆಯಲು ಹೋದವಳು, “ಬಚ್ಚಲದಾಗ ಖೀರು ಯಾಕೈತಿ?” ಎಂದು ಕೇಳಿದಳು. ಸಾಕ್ಷಿಗೆ ಎಲ್ಲವನ್ನೂ ವಿವರಿಸಬೇಕಾಯಿತು. “ಬಚ್ಚಲ ಅಡಗಿಮನಿ ಅಲ್ಲ, ನಡೀತೈತಿ,” ಎಂದು ತೀರ್ಪು ಕೊಟ್ಟು, ಅಲ್ಲೇ ನಿಂತು ಖೀರು ಕುಡಿದಳು.

ಈಗ ಆ ಬಟ್ಟಲುಗಳನ್ನು ನಾನು ಬರಿದಾಗಿ ಮರಳಿಸುವಂತಿಲ್ಲವಲ್ಲ. ಬದನೆಕಾಯಿ ತುಂಬಿ ಕಳಿಸಿದೆ. ಬದನೆಕಾಯಿಗೆ ಮಜ್ಜಿಗೆ ಬಂತು. ಮಜ್ಜಿಗೆಯ ತಂಬಿಗೆಯಲ್ಲಿ ಚವಳಿಕಾಯಿ ಹಾಕಿ ಕಳಿಸಿದರೆ ಬೆಣ್ಣೆ ಬಂತು. ನಾನು ಕೊಟ್ಟಷ್ಟೂ ಹಾಲಿನ ಪದಾರ್ಥ ಹೆಚ್ಚುತ್ತ ಹೋಯಿತು. ಕೊಡುವುದನ್ನು ನಿಲ್ಲಿಸೋಣ ಎಂದರೆ ಒಂದಲ್ಲ ಒಂದು ಬಟ್ಟಲು ಅವರದು ನನ್ನಲ್ಲಿ ಇರುತ್ತಿತ್ತು.

ಕೊನೆಗೆ ಬಾಯಿಬಿಟ್ಟು ಹೇಳುವುದೇ ಸರಿ ಎಂದು ಆಯಿಯ ಮನೆಗೆ ಹೋದೆ. “ಆಯಿ, ನಾವು ಹಾಲು ಮಸರು ಬಿಟ್ಟೇವಿ. ಕಳಸಬ್ಯಾಡ.”

“ಯಾವ ದೇವರ ಹರಕಿ?”

“ಹರಕಿ ಅಲ್ಲ.”

“ಎಷ್ಟ ಸೋಮವಾರ?”

“ಹರಕಿ ಅಲ್ಲ ಅಂದ್ನೆಲ್ಲಬೆ.”

“ಆತು, ಹೇಳಬಾರದಿದ್ರ ಬಿಡು. ಹರಕಿ ಹೇಳಿದ್ರ ಫಲ ಸಿಗಂಗಿಲ್ಲ,” ಎಂದು, ಹರಕೆಯವರಿಗೆ ನಡೆಯುತ್ತದೆ ಎಂದುಕೊಂಡು ಮರುದಿನ ಆಕಳ ಹಾಲು ಕಳಿಸಿದಳು. ಎಲ್ಲಿಂದಲೋ ತರಿಸಿದ್ದಳು.

ಭಾಬಿಯ ಮನೆಯಲ್ಲಿ ಬೇರೆ ದಾರಿ ಹಿಡಿದೆ. “ಡಾಕ್ಟರು ಬ್ಯಾಡ ಅಂದಾರ್ರಿ,” ಎಂದೆ. ಇದು ಸುಳ್ಳಲ್ಲ, ನನ್ನ ಮಗಳೂ ಡಾಕ್ಟರೇ. ಭಾಬಿಗೆ ಕಣ್ಣೀರೇ ಬಂತು. “ಯಾ ಅಲ್ಲಾ, ನಿಮಗ ಏನಾಗೇತ್ರಿ ಸರ್? ಹೇಳೇ ಇಲ್ಲಲ್ರಿ,” ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಮರುದಿನ ಆಡಿನ ಹಾಲು ಬಂತು. ಹಗುರ ಇರುತ್ತದೆ, ರೋಗಿಗಳಿಗೆ ಒಳ್ಳೆಯದು ಎಂದು ಹೇಳಿ ಕಳಿಸಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. ಜನಕ್ಕೆ ಎಷ್ಟು ಸಲ ಹೇಳಬೇಕು? ಬ್ಯಾಡ ಎಂಬುದು ಇಷ್ಟು ಕಠಿಣವಾದ ಮಾತೇ? ನಾನು ಪಡಸಾಲೆಯಲ್ಲಿ ಅತ್ತಿಂದಿತ್ತ ಅಡ್ಡಾಡುತ್ತ ಹೆಂಡತಿಗೆ ಇದನ್ನೇ ಕೂಗಿ ಹೇಳುತ್ತಿದ್ದೆ. ಅವಳು ಸೀರೆ ಮಡಿಸುತ್ತಿದ್ದಳು. “ಹೌದ್ರಿ, ಭಾಳ ಕೆಟ್ಟ ಮಂದಿ,” ಎಂದಳು. ಅವಳು ಯಾಕೆ ನಗುತ್ತಿದ್ದಾಳೆಂದು ಆಗ ನನಗೆ ತಿಳಿಯಲಿಲ್ಲ.

ಮೂರನೇ ವಾರ ಉಪಾಯ ಹೊಳೆಯಿತು. ಎಡಗಡೆಯಿಂದ ಬಂದದ್ದನ್ನು ಬಲಗಡೆಗೆ ಕೊಡುವುದು, ಬಲಗಡೆಯದನ್ನು ಎಡಗಡೆಗೆ. ನನ್ನ ಮನೆಯೊಳಗೆ ಏನೂ ಬರುವುದಿಲ್ಲ, ಯಾರ ಬಟ್ಟಲೂ ಬರಿದಾಗಿ ಹೋಗುವುದಿಲ್ಲ. ಆಯಿಯ ಮೊಸರನ್ನು ಭಾಬಿಯ ಬಟ್ಟಲಿಗೆ ಸುರಿದು ಕಳಿಸಿದೆ, ಭಾಬಿಯ ಖೀರನ್ನು ಆಯಿಯ ತಂಬಿಗೆಗೆ. ಮೂರು ದಿನ ಬಹಳ ಚೆನ್ನಾಗಿ ನಡೆಯಿತು. ಇಷ್ಟು ಬುದ್ಧಿ ಇದ್ದವನು ಡ್ರಿಲ್ ಮಾಸ್ತರನಾಗಿ ಯಾಕೆ ಉಳಿದೆನೋ ಎಂದು ನನಗೇ ಅನ್ನಿಸಿತು.

ನಾಲ್ಕನೇ ವಾರದ ಶುಕ್ರವಾರ ಆಯಿ ತುಪ್ಪ ಕಳಿಸಿದಳು. ಅವಳು ಬೆಣ್ಣೆ ಕಾಯಿಸುವಾಗ ವೀಳ್ಯದೆಲೆ ಮತ್ತು ನಾಲ್ಕು ಮೆಂತೆಕಾಳು ಹಾಕುತ್ತಾಳೆ, ಆ ವಾಸನೆ ಇಡೀ ಓಣಿಗೆ ಗೊತ್ತು. ಮೂಗು ಮುಚ್ಚಿಕೊಂಡು ಅದನ್ನು ಭಾಬಿಯ ಬಟ್ಟಲಿಗೆ ಸುರಿದು ಬಲಗಡೆಗೆ ದಾಟಿಸಿದೆ. ಮೂಗು ಮುಚ್ಚಿಕೊಂಡದ್ದು ಆಸೆಗೆ, ಅಸಹ್ಯಕ್ಕಲ್ಲ. ಆದರೆ ಭಾಬಿಯೂ ಇದೇ ಊರಿನವರಲ್ಲವೇ? ಅವರ ಮನೆಯಲ್ಲೂ ಆಯಿಯದೊಂದು ಡಬ್ಬಿ ಇತ್ತು, ಜೋಳ ಬೀಸಿಸಿಕೊಂಡು ಹಿಟ್ಟು ತಂದದ್ದು. ಬರಿದಾಗಿ ಹೇಗೆ ಕೊಡುವುದು ಎಂದು, ಸರ್ ಮನೆಯಿಂದ ಬಂದ ತುಪ್ಪವನ್ನೇ ಒಂದಿಷ್ಟು ಅದರಲ್ಲಿ ಹಾಕಿ ಕಳಿಸಿದರು. ಶನಿವಾರ ಬೆಳಿಗ್ಗೆ ಆಯಿಯ ತುಪ್ಪ ಆಯಿಯ ಮನೆಗೇ ಹೋಗಿ ಮುಟ್ಟಿತು.

ಹತ್ತು ನಿಮಿಷದಲ್ಲಿ ಕಂಪೌಂಡ್ ಗೋಡೆಯ ಆಚೆಯಿಂದ ಗಂಟಲು ಕೇಳಿಸಿತು. “ಮಾಸ್ತರ, ನನ್ನ ತುಪ್ಪ ಊರಾಡಿ ಬಂತಲ್ಲೋ.”

ನಾನು ಬದನೆಗಿಡದ ಹಿಂದೆ ಕೂತುಬಿಟ್ಟೆ.

“ಕುಂತ್ರ ಕಾಣಂಗಿಲ್ಲ ಅಂದ್ಕೊಂಡಿಯೇನು? ಅಲ್ಲೋ, ಉಣ್ಣಾಕ ಸಂಕೋಚ ಮಾಡ್ಕೊಂಡು ಮಂದಿಗಿ ಹಂಚಾಕತ್ತಿ? ನನಗ ಪರಕ್ಯಾನೇನು ನೀನು?” ಅವಳ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. ಅದು ನನಗೂ ತಾಗಿತು. ಎದ್ದು ನಿಂತು ಸಂಕೋಚ ಅಲ್ಲ ಆಯಿ, ನಿಜವಾಗಿಯೂ ಬ್ಯಾಡ ಎಂದು ಕೈಮುಗಿದೆ. ಅವಳು ತಲೆ ಅಲ್ಲಾಡಿಸುತ್ತ ಒಳಗೆ ಹೋದಳು.

ಐದನೇ ಭಾನುವಾರ ಬಂತು. ನಸುಕಿನಲ್ಲೇ ಎದ್ದು ಹಿತ್ತಲಿಗೆ ಇಳಿದೆ. ಎಳೆಯ ಬದನೆಕಾಯಿ ಆರಿಸಿದೆ, ಪುಂಡಿಪಲ್ಯ ಬಿಡಿಸಿದೆ, ಗೋಡೆ ಹತ್ತಿ ಹೋದ ಕುಂಬಳಕಾಯಿಯನ್ನು ಭಾಬಿಯ ಕಡೆಯಿಂದಲೇ ಕೊಯಿಸಿಕೊಂಡೆ. ಎಣ್ಣೆಗಾಯಿ, ಪುಂಡಿಪಲ್ಯ, ಹೀರೆಸಿಪ್ಪೆ ಚಟ್ನಿ, ಲಿಂಬಿ ಹಿಂಡಿದ ಹೆಸರುಬ್ಯಾಳಿ ಕೋಸಂಬರಿ, ಶೇಂಗಾ ಮೊಸರು, ಕುಂಬಳಕಾಯಿ ಬೆಲ್ಲ ಹಾಕಿ ಶೇಂಗಾ ಎಣ್ಣೆಯಲ್ಲಿ ಕರಿದ ಗಾರಿಗೆ. ರೊಟ್ಟಿಯನ್ನು ನಾನೇ ಬಡಿದೆ. ನನ್ನ ರೊಟ್ಟಿ ದುಂಡಗಿರುವುದಿಲ್ಲ, ಆದರೆ ತೆಳ್ಳಗೆ ಖಡಕ್ ಆಗಿರುತ್ತದೆ. ಮಗಳು ಬಂದಳು. ಚೀಲದಲ್ಲಿ ಡಬ್ಬಿ ಇತ್ತು. ಮಾತಿನಂತೆ ತರಬಾರದಿತ್ತು. ನನ್ನ ಮುಖ ನೋಡಿ, “ಇರ್ಲಿ ಅಂತ ತಂದೇನಿ,” ಎಂದಳು. ನಂಬಿಗೆ ಇನ್ನೂ ಪೂರ್ತಿ ಬದುಕಿರಲಿಲ್ಲ.

“ನಾಕ ವಾರ ಹೊಸ್ತಲಾ ದಾಟಿಲ್ಲ,” ಎಂದು ಹೆಂಡತಿ ಸಾಕ್ಷಿ ನುಡಿದಳು. “ಬಚ್ಚಲದಾಗ ಏನೇನಿತ್ತು ಅನ್ನೋದು ಬ್ಯಾರೆ ಮಾತು.”

ಮಗಳು ಅಡುಗೆಮನೆಗೆ ಹೋಗಿ ಡಬ್ಬಿಗಳ ಮುಚ್ಚಳ ತೆಗೆದು ಮೂಸಿದಳು. ಬೇಸರವಾಯಿತು, ಆದರೆ ನಾನು ಮಾಡಿದ್ದಕ್ಕೆ ಇದು ಕಡಿಮೆಯೇ. ಬಂದು ಪಡಸಾಲೆಯಲ್ಲಿ ತಾಟಿನ ಮುಂದೆ ಕೂತಳು. ನಾನು ಎಲ್ಲ ಬಡಿಸಿದೆ. ಬಲಗೈಯಲ್ಲಿ ರೊಟ್ಟಿ ಹಿಡಿದು ಪಕ್ಕದಲ್ಲೇ ಬಗ್ಗಿ ನಿಂತೆ. ಅವಳು ಮೊದಲ ತುಂಡು ಮುರಿದು ಎಣ್ಣೆಗಾಯಿಗೆ ಹಚ್ಚಿದಳು.

ಆಗ ಬಾಗಿಲಲ್ಲಿ ಆಯಿ ಕಾಣಿಸಿಕೊಂಡಳು. ಕೈಯಲ್ಲಿ ಒಂದು ಸಣ್ಣ ಗಿಂಡಿ, ಒಳಗೆ ಆಗಷ್ಟೇ ಒಲೆಯಿಂದ ಇಳಿಸಿದ ತುಪ್ಪ. ವೀಳ್ಯದೆಲೆಯ ವಾಸನೆ ಅವಳಿಗಿಂತ ಮೊದಲು ಒಳಗೆ ಬಂದಿತ್ತು. “ಬಟ್ಟಲಾ ಕೊಟ್ರ ದಾಟಿಸಿಬಿಡ್ತಿ. ಅದಕ ನಾನ ಬಂದೆ. ನನ್ನ ಕೈಯಾರೆ ಮೊಮ್ಮಗಳಿಗಿ ಹಾಕಿ ಹೊಕ್ಕೇನಿ,” ಎಂದವಳೇ, ಎಂಬತ್ತರ ಕಾಲುಗಳು ಅಷ್ಟು ಲಗುಬಗೆಯಿಂದ ಹೇಗೆ ಬಂದವೋ, ಮಗಳ ತಾಟಿನ ಮೇಲೆ ಗಿಂಡಿ ಬಗ್ಗಿಸಿದಳು.

ಮಗಳು ಬ್ಯಾಡ ಆಯಿ ಎಂದಳು. ಆಯಿ ಮೊದಲ ಬ್ಯಾಡ ಕೇಳಿ ನಿಲ್ಲುವವಳಲ್ಲ. ಯೋಚಿಸಲು ಹೊತ್ತಿರಲಿಲ್ಲ. ನಾನು ಎಡಗೈ ಚಾಚಿ ತಾಟಿನ ಮೇಲೆ ಅಡ್ಡ ಹಿಡಿದೆ. ಸುರಿದ ಬಿಸಿ ತುಪ್ಪವಷ್ಟೂ ಅಂಗೈಗೆ ಬಿತ್ತು. ಅಂಗೈ ಕುಳಿ ಮಾಡಿ ಹಿಡಿದಿದ್ದರಿಂದ ತಾಟಿಗೆ ಒಂದು ಹನಿಯೂ ಇಳಿಯಲಿಲ್ಲ. ಹಾಗೇ ಅಂಗಳಕ್ಕೆ ಓಡಿ ಚೆಲ್ಲಿದೆ. ಆಮೇಲೆ ನಾನು ಹಾಕಿದ ಕೂಗಿಗೆ ಬಲಗಡೆಯಿಂದ ಭಾಬಿ, ಸರ್‌ಗೆ ಕಡೇಗಾಲ ಬಂತೇನೋ ಎಂದು ಗೋಡೆ ಹತ್ತಿ ನೋಡಿದರಂತೆ.

ನರ್ಸು ಮತ್ತು ದನದ ಡಾಕ್ಟರು ಇಬ್ಬರೂ ಸೇರಿ ನನ್ನ ಕೈಯನ್ನು ನಳದ ಕೆಳಗೆ ಹಿಡಿದರು. ಆಯಿ ಗಿಂಡಿ ಹಿಡಿದುಕೊಂಡೇ ಪಕ್ಕದಲ್ಲಿ ನಿಂತಿದ್ದಳು. ಮುಖ ಸಣ್ಣದಾಗಿತ್ತು. “ಕೈ ಯಾಕ ಅಡ್ಡ ಹಿಡದ್ಯೋ ಹುಚ್ಚಪ್ಪ? ಬ್ಯಾಡ ಅಂದಿದ್ರ ಆಗ್ತಿತ್ತಲ್ಲ.”

“ನಾಕ ವಾರದಿಂದ ಅನ್ನಾಕತ್ತೇನಲ್ಲಬೆ ಆಯಿ.”

“ನೀ ಸುಮ್ನ ಬಾಯಿಮಾತಿಗೆ ಅಂತಿ ಅಂದ್ಕೊಂಡಿದ್ನೆಪ. ಖರೇನ ಬ್ಯಾಡ ಅನ್ನೋದು ನನಗೇನ ಗೊತ್ತು?”

ನಾನು ಮಗಳ ಕಡೆ ನೋಡಿದೆ. ಅವಳು ನನ್ನ ಕೈಯನ್ನು ನೀರಿಗೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ನನಗೆ ಬಹಳ ನಾಚಿಕೆಯಾಯಿತು. ಆಯಿಯದಾದರೂ ನಾಲ್ಕು ವಾರದ ಮಾತು. ನನ್ನ ಮಗಳು ನನ್ನ ಮುಂದೆ ಕೂತು ಎರಡು ವರ್ಷ ಹೇಳಿದ್ದಳು, ನಾನು ಪ್ರೀತಿ ಎಂದುಕೊಂಡು ಕಿವಿ ಮುಚ್ಚಿಕೊಂಡಿದ್ದೆ. ತಪ್ಪಾತವಾ ಎಂದೆ. ನಳದ ಸದ್ದಿನಲ್ಲಿ ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ.

ಆಯಿಯನ್ನು ಹಾಗೇ ಕಳಿಸಲು ಮಗಳು ಒಪ್ಪಲಿಲ್ಲ. ಕೈಹಿಡಿದು ಪಡಸಾಲೆಗೆ ಕರೆತಂದು ತನ್ನ ಪಕ್ಕದಲ್ಲೇ ಕೂರಿಸಿದಳು. ನಾನು ಅಡುಗೆಮನೆಯ ಕಡೆಗೊಮ್ಮೆ, ಗಿಂಡಿಯ ಕಡೆಗೊಮ್ಮೆ ನೋಡಿದ್ದನ್ನು ಕಂಡು ಹೆಂಡತಿ, “ಪಡಸಾಲಿ ಲೆಕ್ಕಕ್ಕ ಹಿಡಿಯಂಗಿಲ್ಲ,” ಎಂದಳು. ಆಯಿ ಎಣ್ಣೆಗಾಯಿ ಹಚ್ಚಿ ಒಂದು ತುತ್ತು ತಿಂದು ಕಣ್ಣು ಮುಚ್ಚಿದಳು. “ತುಪ್ಪ ಇಲ್ದನೂ ನಡೀತೈತೆಪ,” ಎಂದಳು. ಆಮೇಲೆ ಗಿಂಡಿಯ ತಳದಲ್ಲಿ ಉಳಿದದ್ದನ್ನು ತನ್ನ ತಾಟಿಗೇ ಹಾಕಿಕೊಂಡು, “ಇದ್ರ ಇನ್ನೂ ಚೊಲೊ,” ಎಂದಳು. ಹೋಗುವಾಗ ಅವಳ ಗಿಂಡಿಯಲ್ಲಿ ನಾನು ಏನೂ ಹಾಕಲಿಲ್ಲ, ಅವಳೂ ಕೇಳಲಿಲ್ಲ.

ಮಗಳು ಉಣ್ಣುತ್ತಿದ್ದಳು. ಮೊದಲ ರೊಟ್ಟಿ ಮುಗಿಯಿತು, ಎರಡನೆಯದೂ ಮುಗಿಯುತ್ತ ಬಂತು. ಪುಂಡಿಪಲ್ಯವನ್ನು ಬೆರಳಲ್ಲಿ ಒರೆಸಿ ತಿಂದಳು. ಎಡಗೈಗೆ ಬಟ್ಟೆ ಸುತ್ತಿಕೊಂಡು ನಾನು ಬಲಗೈಯಲ್ಲಿ ಇನ್ನೊಂದು ರೊಟ್ಟಿ ಎತ್ತಿದೆ.

“ಹಾಕ್ಲಿ?”

“ಬ್ಯಾಡಪ್ಪ.”

ರೊಟ್ಟಿ ಆಗಲೇ ತಾಟಿನ ಮೇಲಿತ್ತು, ಬೆರಳು ಬಿಡುವುದಷ್ಟೇ ಬಾಕಿ. ಅರವತ್ತು ವರ್ಷದ ಕೈ, ಅದು ತಾನಾಗಿ ಹಿಂದೆ ಬರುವುದಿಲ್ಲ, ಎಳೆದುಕೊಳ್ಳಬೇಕಾಯಿತು. ರೊಟ್ಟಿಯನ್ನು ಮರಳಿ ಬುಟ್ಟಿಗೆ ಹಾಕಿ ಕೂತೆ. ಹೆಂಡತಿ ಉಣ್ಣುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಮಗಳು ಉಳಿದ ತುಂಡನ್ನು ನಿಧಾನವಾಗಿ ಅಗಿದಳು, ನೀರು ಕುಡಿದಳು, ಚಟ್ನಿಯ ಬಟ್ಟಲನ್ನು ಹತ್ತಿರ ಎಳೆದುಕೊಂಡಳು.

“ಅಪ್ಪಾ, ಒಂದ ಅರ್ಧಾ ಹಾಕು.”

ಒಂದೇ ಕೈಯಲ್ಲಿ ಮುರಿದು, ಅರ್ಧವನ್ನೇ ಹಾಕಿದೆ.